ಕೊಕ್ಕೆ

ಟೊಮೆಟೊ ಉರುಳಿದರೆ ಸದ್ದಾಗುತ್ತದೆ ಎಂದು ನನಗೆ ಗೊತ್ತಾದದ್ದು ಭಾವನವರ ಹೊಸ ಕಾರಿನಲ್ಲಿ. ಅಲ್ಲಿಯವರೆಗೆ ನಾನು ಓಡಿಸಿದ ಕಾರುಗಳಲ್ಲಿ ಎಂಜಿನ್ನಿನ ಗೊಣಗಾಟವೇ ಅಷ್ಟಿರುತ್ತಿತ್ತು, ಟೊಮೆಟೊದಂಥ ಮೆದು ಜೀವದ ದನಿ ಅದರಲ್ಲಿ ಕೇಳಿಸುವ ಸಂಭವವೇ ಇರಲಿಲ್ಲ. ಇದು ಎಲೆಕ್ಟ್ರಿಕ್ ಕಾರು. ಒಳಗೆ ಕೂತರೆ ನಿಮ್ಮ ಗಡಿಯಾರದ ಟಿಕ್ ಟಿಕ್ ನಿಮಗೇ ಕೇಳುತ್ತದೆ. ಮುಂದೆ ಕೆಂಪು ದೀಪ ಕಂಡು ಆಕ್ಸಿಲರೇಟರಿನಿಂದ ಕಾಲೆತ್ತಿದೆ. ಈ ಜಾತಿಯ ಕಾರುಗಳಲ್ಲಿ ಕಾಲೆತ್ತಿದರೆ ಸಾಕು, ಮೋಟಾರೇ ಜನರೇಟರ್ ಆಗಿಬಿಟ್ಟು ಓಟದ ಕಸುವನ್ನೆಲ್ಲ ಬ್ಯಾಟರಿಗೆ ವಾಪಸು ತುಂಬಿಕೊಳ್ಳುತ್ತದೆ. ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ ಹಾಗೆ ಕಾರು ನಿಧಾನವಾಗುತ್ತದೆ. ಹಿಂದಿನ ಸೀಟಿನ ಮೇಲಿದ್ದ ಚೀಲಕ್ಕೆ ಈ ಸಂಗತಿ ತಿಳಿದಿರಲಿಲ್ಲ. ದೊಪ್ಪನೆ ಬಿತ್ತು. ಆಮೇಲೆ ಒಂದು, ಎರಡು, ಮೂರು... ಎಂಟು. ಎಣಿಸಿದೆ.

ಹಳೆಯ ಕಾರಾಗಿದ್ದರೆ ಅವು ಬಿದ್ದ ಕಡೆಯೇ ಇರುತ್ತಿದ್ದವು. ಹಿಂದಿನ ಸೀಟಿನವರ ಕಾಲ ಬಳಿ, ಸರಿಯಾಗಿ ನಡುವೆ, ಒಂದು ದಿಬ್ಬ ಇರುತ್ತಿತ್ತಲ್ಲ, ಮೂರನೆಯವರಾಗಿ ಕೂತವರು ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಶಪಿಸುತ್ತಿದ್ದ ದಿಬ್ಬ, ಅದು ಒಂದು ತಡೆಗೋಡೆಯೂ ಆಗಿತ್ತು ಎಂದು ಈಗ ಹೊಳೆಯಿತು. ಹೊಗೆ ಕೊಳವೆಯೋ, ಹಿಂಚಕ್ರ ತಿರುಗಿಸುವ ಉದ್ದನೆಯ ದಂಡವೋ ಹಾದುಹೋಗಲೆಂದು ಮಾಡಿದ ದಿಬ್ಬ ಅದು. ಎಲೆಕ್ಟ್ರಿಕ್ ಕಾರಿಗೆ ಎರಡೂ ಬೇಡ. ಬ್ಯಾಟರಿ ಚಪ್ಪಡಿಯ ಹಾಗೆ ತಳದುದ್ದಕ್ಕೂ ಮಲಗಿರುತ್ತದೆ, ಅದರ ಮೇಲಿನ ನೆಲ ಅಂಗಳದಷ್ಟು ಸಮತಟ್ಟು. ಹಾಗಾಗಿ ನನ್ನ ಎಂಟು ಟೊಮೆಟೊಗಳು ಎಡತಿರುವಿಗೆ ಬಲಬಾಗಿಲಿಗೂ ಬಲತಿರುವಿಗೆ ಎಡಬಾಗಿಲಿಗೂ ಮನೆಯವರೆಗೆ ಓಡಾಡಿಕೊಂಡು ಬಂದವು. ಇಳಿದು ಹುಡುಕಿದಾಗ ಸಿಕ್ಕಿದ್ದು ಏಳು. ಎಣಿಸುವಾಗ ತಪ್ಪಿರಬೇಕು ಎಂದುಕೊಂಡೆ.

ಇಷ್ಟಕ್ಕೂ ಬೇಕಿದ್ದದ್ದು ಒಂದು ಕೊಕ್ಕೆ. ನನ್ನ ಹಳೆಯ ಕಾರಿನಲ್ಲಿ ಎಡಗಡೆಯ ಸೀಟಿನ ಬೆನ್ನಿಗೆ ಹೆಬ್ಬೆರಳಿನ ಗಾತ್ರದ್ದೊಂದು ಪ್ಲಾಸ್ಟಿಕ್ ಕೊಕ್ಕೆ ಇತ್ತು. ಚೀಲದ ಕಿವಿಯನ್ನು ಅದಕ್ಕೆ ಸಿಕ್ಕಿಸಿದರೆ ಮನೆ ಮುಟ್ಟುವವರೆಗೆ ಅದರ ಯೋಚನೆ ಬೇಡ. ಹದಿಮೂರು ವರ್ಷ ಆ ಕೊಕ್ಕೆಯನ್ನು ಬಳಸಿದ್ದೇನೆ. ಒಂದು ದಿನವೂ ಅದನ್ನು ಸರಿಯಾಗಿ ನೋಡಿದ ನೆನಪಿಲ್ಲ. ಅದರ ಬಣ್ಣ ಕೇಳಿದರೆ ಹೇಳಲಾರೆ. ಇಲ್ಲಿ ಇಲ್ಲವಾದಾಗ ಅದು ಇತ್ತು ಎಂಬುದು ತಿಳಿಯಿತು.

ಭಾವನವರು ಊರಿಗೆ ಹೋಗುವಾಗ ಒಂದು ವಾರದ ಮಟ್ಟಿಗೆ ಕಾರನ್ನು ನನ್ನ ವಶಕ್ಕೆ ಕೊಟ್ಟಿದ್ದರು. "ನಿಂತಲ್ಲೇ ನಿಂತಿರೋದು ಬೇಡ ಕಣಯ್ಯ, ನೀನು ಓಡಿಸ್ತಿರು. ಸಂಸಾರಕ್ಕೆಂದೇ ಮಾಡಿದ ಕಾರು, ಅಮ್ಮನನ್ನೂ ಕರಕೊಂಡು ಸುತ್ತಾಡಿ" ಎಂದು ಬ್ಯಾಂಕಿನ ಕಾರ್ಡಿನಂಥ ಒಂದು ಕಾರ್ಡನ್ನು ಕೈಗಿಟ್ಟರು. ಅದೇ ಬೀಗದಕೈಯಂತೆ. ಕೊಡುವಾಗ ಗುಣಗಾನವೂ ಆಯಿತು. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ನಾಲ್ಕು ಸೆಕೆಂಡು. ಚಾವಣಿ ಪೂರ್ತಿ ಗಾಜು. ಮುಂದೆ ಒಂದು ದೊಡ್ಡ ಪರದೆ, ಕಾರಿನ ಸಕಲ ಸಂಗತಿಯೂ ಅದರೊಳಗೆ. "ಒಂದೇ ಒಂದು ಗುಂಡಿ ಕಾಣಿಸುತ್ತಾ ನೋಡು!" ಎಂದರು, ಮನೆಯನ್ನು ಗುಡಿಸಿ ಸಾರಿಸಿದವರ ತೃಪ್ತಿಯಲ್ಲಿ. ನೋಡಿದೆ. ಕಾಣಿಸಲಿಲ್ಲ. ಆಗ ಅದು ಹೊಗಳಿಕೆಯ ಮಾತು ಎಂದೇ ನಾನೂ ತಿಳಿದಿದ್ದೆ.

ಮರುದಿನ ಅಮ್ಮ ಹತ್ತಿದರು. ಅವರಿಗೆ ಮಂಡಿನೋವು. ಕಾರು ಹತ್ತುವುದಕ್ಕೆ ಅವರದೇ ಒಂದು ಕ್ರಮವಿದೆ: ಮೊದಲು ಬೆನ್ನು ತಿರುಗಿಸಿ ಸೀಟಿನ ಅಂಚಿಗೆ ಕೂರುವುದು, ಆಮೇಲೆ ಬಲಗೈಯನ್ನು ಮೇಲೆತ್ತಿ ಬಾಗಿಲ ಮೇಲಿನ ಹಿಡಿಕೆಯನ್ನು ಹಿಡಿದು ಕಾಲುಗಳನ್ನು ಒಂದೊಂದಾಗಿ ಒಳಗೆ ತಂದುಕೊಳ್ಳುವುದು. ಕೂತರು. ಕೈ ಮೇಲೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ನುಣ್ಣನೆಯ ಬಟ್ಟೆ, ಅದರಾಚೆ ಗಾಜು. ಬೆರಳುಗಳು ಅಂಚಿನ ಗುಂಟ ಮುಂದಕ್ಕೆ ತಡವಿಕೊಂಡು ಹೋದವು, ಹಿಂದಕ್ಕೆ ಬಂದವು, ಕತ್ತಲಲ್ಲಿ ಸ್ವಿಚ್ಚು ಹುಡುಕುವ ಹಾಗೆ. ಕೊನೆಗೆ ಸೀಟ್ ಬೆಲ್ಟು ಸಿಕ್ಕಿತು. ಹಿಡಿದುಕೊಂಡರೆ ಅದು ಎಳೆದಷ್ಟೂ ಬಂತು. ಮುಂದಿನ ಸೀಟಿನ ತಲೆದಿಂಬನ್ನಾದರೂ ಹಿಡಿಯೋಣವೆಂದರೆ ಅದೂ ಸೀಟಿನ ಜೊತೆಯಲ್ಲೇ ಒಂದೇ ಎರಕ, ಬೆರಳು ತೂರುವಷ್ಟು ಸಂದಿಲ್ಲ. ಕಟ್ಟಕಡೆಗೆ ನನ್ನ ಭುಜವೇ ಗತಿಯಾಯಿತು.

"ಹೇಗಿದೆಯಮ್ಮ ಕಾರು?"

"ಚೆನ್ನಾಗಿದೆ ಕಣೋ. ತುಂಬಾ ಚೆನ್ನಾಗಿದೆ." ಸ್ವಲ್ಪ ಹೊತ್ತು ಬಿಟ್ಟು, "ಹಿಡ್ಕೊಳ್ಳೋದಕ್ಕೇ ಏನೂ ಇಲ್ವಲ್ಲೋ." ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಅಳಿಯಂದ್ರ ಹತ್ತಿರ ಹೇಳೋಕೆ ಹೋಗಬೇಡ ಮತ್ತೆ."

ಹೇಳಲಿಲ್ಲ ಎನ್ನಲಾರೆ. ಅಂದು ಸಂಜೆ ಫೋನು ಬಂದಾಗ ಹಿಡಿಕೆಯ ವಿಷಯ ಮೆಲ್ಲಗೆ ಎತ್ತಿದೆ. "ನಿನ್ನದು ಯಾವಾಗಲೂ ಇದೇ ಆಯಿತಲ್ಲಯ್ಯ, ಎಲ್ಲದಕ್ಕೂ ಒಂದು ಕೊಕ್ಕೆ" ಎಂದರು. ಅದೂ ಇಲ್ಲ ಭಾವ, ಎನ್ನಬೇಕೆಂದು ನಾಲಗೆಯ ತುದಿಯವರೆಗೂ ಬಂದಿತ್ತು.

ಇದು ಒಬ್ಬ ಭಾವನ, ಒಂದು ಕಾರಿನ ಕಥೆಯಲ್ಲ. ಈಗಿನ ಬೆಲೆಬಾಳುವ ಎಲೆಕ್ಟ್ರಿಕ್ ಕಾರುಗಳಿಗೆಲ್ಲ ಮಾದರಿಯಾದ ಟೆಸ್ಲಾ ಮಾಡೆಲ್ ಎಸ್ 2012ರಲ್ಲಿ ಬಂದಾಗ ಅದರಲ್ಲಿ 17 ಇಂಚಿನ ಪರದೆಯಿತ್ತು. ಬಾಗಿಲುಗಳಲ್ಲಿ ಜೇಬಿರಲಿಲ್ಲ, ಚಾವಣಿಯಲ್ಲಿ ಹಿಡಿಕೆಯಿರಲಿಲ್ಲ. ಆನೆಯನ್ನೇ ಕೊಟ್ಟವರು ಅಂಕುಶಕ್ಕೆ ಹಿಂದೆಮುಂದೆ ನೋಡಿದ ಹಾಗೆ. 2017ರ ಮಾಡೆಲ್ 3 ಬರುವ ಹೊತ್ತಿಗೆ ಗ್ಲೌ ಬಾಕ್ಸ್ ತೆರೆಯಬೇಕೆಂದರೂ ಪರದೆಯನ್ನೇ ಕೇಳಬೇಕಾಯಿತು, ಎಸಿಯ ಗಾಳಿ ಮುಖಕ್ಕೋ ಎದೆಗೋ ಎಂಬುದೂ ಪರದೆಯಲ್ಲೇ ತೀರ್ಮಾನವಾಗತೊಡಗಿತು. ಬೇರೆಯವರು ಹಿಂದೆ ಬಿದ್ದರು. ಕೆಲವರು ನಾಲ್ಕು ಕಿಟಕಿಗೆ ಎರಡೇ ಸ್ವಿಚ್ಚು ಕೊಟ್ಟು, ಮುಂದಿನದೋ ಹಿಂದಿನದೋ ಎಂದು ಆರಿಸಿಕೊಳ್ಳಲು ಮೂರನೆಯದೊಂದನ್ನು ಇಟ್ಟರು. ಈ ಉಳಿತಾಯದ ಲೆಕ್ಕ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಗ್ಲೌ ಬಾಕ್ಸಿನ ಮಾತು ಬಂತಲ್ಲ, ಆ ಹೆಸರೇ ಒಂದು ಉಪಕಾರದ ಗುರುತು. ಮೊದಲ ಕಾಲದ ಕಾರುಗಳಿಗೆ ಚಾವಣಿಯಿಲ್ಲ, ಗಾಜಿಲ್ಲ. ಚಳಿಗೆ ಕೈ ಮರಗಟ್ಟದಿರಲು ಕೈಗವಸು ಬೇಕಿತ್ತು, ಅದನ್ನಿಡಲು ಒಂದು ಗೂಡು ಬೇಕಿತ್ತು. ಬ್ರಿಟನ್ನಿನಲ್ಲಿ ರೇಸಿನ ಕಾರು ಓಡಿಸುತ್ತಿದ್ದ ಡೊರೊಥಿ ಲೆವಿಟ್ ಎಂಬ ಹೆಣ್ಣುಮಗಳು 1909ರಲ್ಲಿ, ಕಾರು ಓಡಿಸುವ ಹೆಂಗಸರು ಸೀಟಿನ ಕೆಳಗಿನ ಡ್ರಾಯರಿನಲ್ಲಿ ಏನೇನು ಇಟ್ಟುಕೊಳ್ಳಬೇಕೆಂದು ಬರೆದಿದ್ದಾಳೆ: ಕೈಗವಸು, ಕರವಸ್ತ್ರ, ಒಂದು ಕೈಗನ್ನಡಿ. ಕನ್ನಡಿ ಮುಖ ನೋಡಿಕೊಳ್ಳುವುದಕ್ಕಷ್ಟೇ ಅಲ್ಲ, ಆಗಾಗ ಎತ್ತಿಹಿಡಿದು ಹಿಂದೆ ಯಾರು ಬರುತ್ತಿದ್ದಾರೆಂದು ನೋಡುವುದಕ್ಕೂ. ತಯಾರಕರು ಕಾರಿಗೆ ಹಿಂಬದಿಯ ಕನ್ನಡಿ ಕೂರಿಸುವುದಕ್ಕೆ ಮೊದಲಿನ ಮಾತು ಇದು. ನನಗೆ ಆ ಡ್ರಾಯರಿನ ಮೇಲೆ ಬಹಳ ಪ್ರೀತಿ. ಅಲ್ಲಿ ಕೂತವರಿಗೆ ಏನು ಬೇಕಾದೀತು ಎಂದು, ಅಲ್ಲಿ ಕೂತಿದ್ದವಳೇ ಯೋಚಿಸಿ ತುಂಬಿದ ಡ್ರಾಯರು ಅದು.

ಐಷಾರಾಮವೆಂದರೂ ಆಗ ಹಾಗೆಯೇ ಇತ್ತು. 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್ ಕಾರಿನ ಗ್ಲೌ ಬಾಕ್ಸಿನಲ್ಲಿ ಲೋಟಗಳಿದ್ದವು. ಬುಡದಲ್ಲಿ ಅಯಸ್ಕಾಂತ, ಮುಚ್ಚಳದ ಮೇಲೆ ಇಟ್ಟರೆ ಅಂಟಿಕೊಂಡು ನಿಲ್ಲುತ್ತಿದ್ದವು. ಅದರ ಜೊತೆಗೆ ಅತ್ತರಿನ ಸೀಸೆ, ಲಿಪ್‌ಸ್ಟಿಕ್ಕು. ಸ್ವಲ್ಪ ಅತಿಯಾಯಿತು, ಒಪ್ಪುತ್ತೇನೆ. ಆದರೆ ಆ ಅತಿಯಲ್ಲೂ ಕೂತವರ ಬಾಯಾರಿಕೆಯ ಯೋಚನೆಯಿತ್ತು. ಸಂಸಾರವಂದಿಗರಿಗೆ ಲೋಟ ಇಡುವ ಗುಳಿ ನಿಜವಾಗಿ ದಕ್ಕಿದ್ದು 1983ರ ಕೊನೆಯಲ್ಲಿ ಕ್ರೈಸ್ಲರ್ ಮಿನಿವ್ಯಾನುಗಳನ್ನು ತಂದ ಮೇಲೆ. ಇನ್ನು 2001ರಲ್ಲಿ ಬಂದ ಸ್ಕೋಡಾ ಸೂಪರ್ಬ್ ಕಾರಿನ ಹಿಂಬಾಗಿಲಿನ ದಪ್ಪದೊಳಗೆ ಕೊಡೆ ಇಡುವುದಕ್ಕೆಂದೇ ಒಂದು ಕೊಳವೆ! ಮಳೆಯಲ್ಲಿ ಬಾಗಿಲು ತೆರೆದವರ ಕೈ ಮೊದಲು ಏನನ್ನು ಹುಡುಕುತ್ತದೆ ಎಂದು ಯಾರೋ ಒಬ್ಬರು ನೆಂದುಕೊಂಡೇ ಯೋಚಿಸಿರಬೇಕು.

ನಮ್ಮ ವಾರದಲ್ಲೂ ಮಳೆ ಬಂತು. ಒದ್ದೆ ಕೊಡೆಯನ್ನು ಎಲ್ಲಿ ಇಡುವುದು? ಕಾಲ ಬಳಿ ಬಿಳಿಯ ಕಾರ್ಪೆಟ್ಟು, ಸೀಟಿಗೆ ಬಿಳಿಯ ಹೊದಿಕೆ. (ಸಂಸಾರದ ಕಾರಿಗೆ ಬಿಳಿಯ ಹೊದಿಕೆ ಆರಿಸಿದವರಿಗೆ ಸಂಸಾರವಿತ್ತೇ ಎಂಬುದು ನನ್ನ ಅನುಮಾನ.) ಕೊಡೆಯನ್ನು ಕಾಲ ನಡುವೆ ಸಿಕ್ಕಿಸಿಕೊಂಡು, ಮಂಡಿಯಿಂದ ಕೆಳಗೆ ತೊಯ್ದುಕೊಂಡೇ ಕಾರು ಓಡಿಸಿದೆ. ಅಷ್ಟರಲ್ಲಿ ವೈಪರ್ ತೀರ ನಿಧಾನವೆನಿಸಿತು. ಜೋರು ಮಾಡಲು ಪರದೆಯಲ್ಲಿ ಹುಡುಕಿದೆ; ಒದ್ದೆ ಬೆರಳು ಮುಟ್ಟಿದ್ದನ್ನು ಪರದೆ ಒಪ್ಪಲಿಲ್ಲ, ಬದಲಿಗೆ ಸೀಟು ಬಿಸಿಯಾಗತೊಡಗಿತು. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದೆ. ಒಳ್ಳೆಯದೇ ಮಾಡಿದೆ. ಜರ್ಮನಿಯಲ್ಲಿ ಒಬ್ಬರು ಹೀಗೆಯೇ ಜೋರು ಮಳೆಯಲ್ಲಿ ಪರದೆಯ ಮೇಲೆ ವೈಪರಿನ ವೇಗ ಸರಿಮಾಡಲು ಹೋಗಿ ರಸ್ತೆ ಬಿಟ್ಟು ಮರಗಳಿಗೆ ಗುದ್ದಿದ್ದರು. 2020ರಲ್ಲಿ ಕಾರ್ಲ್ಸ್‌ರೂಹದ ಮೇಲಿನ ಕೋರ್ಟು, ಓಡಿಸುವಾಗ ಆ ಪರದೆಯನ್ನು ನೋಡುತ್ತ ಒತ್ತುವುದಕ್ಕೂ ಮೊಬೈಲಿಗಿರುವ ನಿಯಮವೇ ಅನ್ವಯ ಎಂದಿತು. 200 ಯೂರೋ ದಂಡ, ಒಂದು ತಿಂಗಳು ಕಾರು ಮುಟ್ಟುವಂತಿಲ್ಲ. ಮಳೆ ಬಂದರೆ ವೈಪರ್ ಹಾಕಬೇಕಾದ್ದೂ ಕಾನೂನೇ ಅಲ್ಲವೆ, ಪಾಪ.

ಸ್ವೀಡನ್ನಿನ 'ವಿ ಬಿಲೆಗಾರೆ' ಎಂಬ ವಾಹನ ಪತ್ರಿಕೆಯವರು 2022ರಲ್ಲಿ ಇದನ್ನು ಅಳೆದೇ ನೋಡಿದರು. ಹನ್ನೊಂದು ಹೊಸ ಕಾರು, ಜೊತೆಗೆ ಗುಂಡಿಗಳೇ ತುಂಬಿದ 2005ರ ಒಂದು ಹಳೆಯ ವೋಲ್ವೊ. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಓಡಿಸುತ್ತ ರೇಡಿಯೊ ಹಾಕುವುದು, ಸೀಟು ಬಿಸಿ ಮಾಡುವುದು ಇಂಥ ನಾಲ್ಕು ಕೆಲಸ. ಹಳೆಯ ವೋಲ್ವೊದಲ್ಲಿ ಎಲ್ಲ ಮುಗಿಯಲು 10 ಸೆಕೆಂಡು, ಅಷ್ಟರಲ್ಲಿ ಕಾರು ಸಾಗಿದ್ದು 306 ಮೀಟರು. ಎಲ್ಲಕ್ಕಿಂತ ಹಿಂದೆ ಬಿದ್ದ ಹೊಸ ಕಾರಿಗೆ ಹಿಡಿದದ್ದು 44.9 ಸೆಕೆಂಡು, ಒಂದೂಕಾಲು ಕಿಲೋಮೀಟರಿಗೂ ಮೀರಿದ ದಾರಿ. ನಮ್ಮ ಬೆರಳುಗಳಿಗೆ ಕಣ್ಣಿಲ್ಲದಿದ್ದರೂ ನೆನಪಿದೆ. ಗುಂಡಿಯಾದರೆ ತಡವಿ ಗುರುತು ಹಿಡಿಯುತ್ತವೆ. ಗಾಜಿನ ಮೇಲೆ ಎಲ್ಲ ಜಾಗವೂ ಒಂದೇ ನುಣುಪು. ಈಗ ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯೂರೋ ಎನ್‌ಕ್ಯಾಪ್, 2026ರಿಂದ ಇಂಡಿಕೇಟರ್, ಹಾರನ್ನು, ವೈಪರ್ ಮುಂತಾದ ಐದಕ್ಕೆ ಕೈಗೆ ಸಿಗುವಂಥ ಗುಂಡಿಯೋ ಕಡ್ಡಿಯೋ ಇದ್ದರೇ ಪೂರ್ತಿ ಅಂಕ ಎನ್ನುತ್ತಿದೆ. ಆ ಪಟ್ಟಿಯಲ್ಲಿ ಕೊಕ್ಕೆ ಇದೆಯೇ ಎಂದು ನೋಡಿದೆ. ಇಲ್ಲ.

ಕಾರನ್ನು ಬೈಯುತ್ತಲೇ ಇದ್ದೇನೆ, ನಿಜ ಹೇಳಬೇಕೆಂದರೆ ಓಡಿಸುವಾಗ ಮನಸ್ಸು ತುಂಬಿ ಬರುತ್ತಿತ್ತು. ಹೊಗೆಯಿಲ್ಲ, ನಡುಕವಿಲ್ಲ. ನೆರಳಿಲ್ಲದ ಕಡೆ ನಿಲ್ಲಿಸಿ ಕಾಯಬೇಕಾದಾಗ ಎಂಜಿನ್ ಉರಿಸದೆ ಎಸಿ ಹಾಕಿಕೊಂಡು ಕೂರಬಹುದು. ಅಮ್ಮನಂತೂ ಹಿಂದೆ ಕೂತು ನಿದ್ದೆಯನ್ನೇ ಮಾಡಿದರು, ಗಾಜಿನ ಚಾವಣಿಯಿಂದ ನಡುನೆತ್ತಿಯ ಬಿಸಿಲು ಇಳಿಯುವವರೆಗೆ. ಎಳೆದುಕೊಳ್ಳಲು ಪರದೆಯಿದೆಯೇ ಎಂದು ಕೇಳಿದರು. ಈ ಕಾರಿನಲ್ಲಿ ಪರದೆ ಎಂದರೆ ಬೇರೆ ಅಮ್ಮ, ಎಂದೆ. ತಲೆಗೆ ಸೆರಗು ಹೊದ್ದುಕೊಂಡು ಮತ್ತೆ ಮಲಗಿದರು.

ನನಗೆ ಅನಿಸುವುದಿಷ್ಟು. ಖಾಲಿ ಜಾಗ ಈಗ ಶ್ರೀಮಂತಿಕೆಯ ಗುರುತು. ಫೋಟೊದಲ್ಲಿ ಕೊಕ್ಕೆ ಚೆನ್ನಾಗಿ ಕಾಣುವುದಿಲ್ಲ, ಹಿಡಿಕೆ ಕಾಣುವುದಿಲ್ಲ, ಸೀಟಿನ ಬೆನ್ನಿನ ಜೋಲು ಜೇಬಂತೂ ಸರಿಯೇ ಸರಿ. ಒಂದೊಂದಕ್ಕೂ ಅಚ್ಚು ಬೇಕು, ತಿರುಪು ಬೇಕು, ಕೂರಿಸುವವರು ಬೇಕು. ಬಿಟ್ಟರೆ ಲಕ್ಷಾಂತರ ಕಾರುಗಳ ಲೆಕ್ಕದಲ್ಲಿ ಉಳಿತಾಯವೂ ಆಯಿತು, ಅಂದವೂ ಆಯಿತು. ಉಳಿದದ್ದಕ್ಕೆಲ್ಲ ಸಾಫ್ಟ್‌ವೇರ್ ಇದೆ. ಆ ವಾರದಲ್ಲೇ ಒಂದು ರಾತ್ರಿ ಕಾರು ತನ್ನಷ್ಟಕ್ಕೆ ಅಪ್‌ಡೇಟ್ ಆಗಿ, ಬೆಳಿಗ್ಗೆ ಪರದೆಯಲ್ಲಿ ಹೊಸದೊಂದು ಆಟ ಬಂದಿತ್ತು. ಕೊಕ್ಕೆ ಬಂದಿರಲಿಲ್ಲ.

ಹಾಗಾಗಿ ಅಂಟಿಸುವ ಕೊಕ್ಕೆಯೊಂದನ್ನು ನಾನೇ ತಂದೆ, ಸ್ನಾನದ ಮನೆಯ ಗೋಡೆಗೆ ಅಂಟಿಸುತ್ತಾರಲ್ಲ ಅಂಥದ್ದು. ಸೀಟಿನ ಬೆನ್ನಿಗೆ ಒತ್ತಿ ಹಿಡಿದು ಅರವತ್ತು ಎಣಿಸಿದೆ. ಎರಡು ದಿನ ಚೀಲ ನೆಟ್ಟಗೆ ತೂಗಿತು. ಮೂರನೆಯ ದಿನದ ಬಿಸಿಲಿಗೆ ಅಂಟು ಕರಗಿ ಕೊಕ್ಕೆ ಟಪ್ಪೆಂದು ಬಿತ್ತು. ಸದ್ದು ಸ್ಪಷ್ಟವಾಗಿ ಕೇಳಿಸಿತು. ಅಂಟಿನ ಕಲೆಯನ್ನು ಉಜ್ಜಿ ಒರೆಸಿ, ಕಾರನ್ನು ತೊಳೆಸಿ, ಕಾರ್ಡನ್ನು ಭಾವನವರಿಗೆ ಒಪ್ಪಿಸಿ ಬಂದೆ.

ನಾಲ್ಕು ದಿನವಾದ ಮೇಲೆ ಫೋನು.

"ಏನಯ್ಯ, ಕಾರಿನಲ್ಲಿ ಏನೋ ಒಂಥರಾ ವಾಸನೆ ಬರ್ತಿದೆಯಲ್ಲ?"

"ಹೌದಾ ಭಾವ? ಎಂಥ ವಾಸನೆ?"

"ಅದೇ ತಿಳೀತಿಲ್ಲ. ಸ್ಕ್ರೀನಿನಲ್ಲಿ ನೋಡಿದರೆ ಒಳಗಿನ ಗಾಳಿ ಶುದ್ಧವಾಗಿದೆ ಅಂತ ತೋರಿಸ್ತಿದೆ."

"ಭಾವ," ಎಂದೆ, "ಒಂದು ಟಾರ್ಚ್ ತಗೊಂಡು ಎಡಗಡೆ ಸೀಟಿನ ಕೆಳಗೆ ಸ್ವಲ್ಪ ಬಗ್ಗಿ ನೋಡ್ತೀರಾ?"