ಚಿಕ್ಕಪ್ಪನ ನಾರ್ಮಲ್ ರಿಪೋರ್ಟ್

ಲಿವರ್ ಕ್ಯಾನ್ಸರಿನ ಸುಳಿವಿಗಾಗಿ ಮಾಡುವ ಎಎಫ್‌ಪಿ ಅನ್ನುವ ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಚಿಕ್ಕಪ್ಪನಿಗೆ ಬಂದಿದ್ದು 6. ಪಕ್ಕದಲ್ಲೇ ನಾರ್ಮಲ್ ಅಂತ ಅಚ್ಚಾಗಿತ್ತು. "ಏನೂ ಇಲ್ಲ ಕಣೋ, ಸುಮ್ನೆ ಹೆದರಿಸಿದ್ರು" ಅಂತ ಫೋನಿನಲ್ಲಿ ನಕ್ಕರು. ಸ್ಕ್ಯಾನಿಂಗಿಗೆ ಮೈಸೂರಿಗೆ ಹೋಗುವುದು ಬಾಕಿ ಇತ್ತು. ಅಷ್ಟರಲ್ಲಿ ಅರೇಬಿಕಾ ಕೊಯ್ಲು ಶುರುವಾಯಿತು. ಅದರ ಹಿಂದೆಯೇ ರೋಬಸ್ಟಾ, ಆಮೇಲೆ ಒಳ್ಳೆಮೆಣಸು, ಆಮೇಲೆ ಮಳೆ. ಸೋಮವಾರಪೇಟೆ ಕಡೆ ಮಳೆ ಹಿಡಿದರೆ ಯಾರು ಎಲ್ಲಿಗೆ ಹೋಗುತ್ತಾರೆ? ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಲಿವರಿನ ಗಡ್ಡೆ 6 ಸೆಂಟಿಮೀಟರ್ ದಾಟಿತ್ತು.

ಅವರು ಹೋಗಿ ಎರಡು ವರ್ಷವಾಯಿತು. ಆ ನಾರ್ಮಲ್ ಅನ್ನುವ ಪದ ಮಾತ್ರ ನನ್ನನ್ನು ಬಿಟ್ಟಿಲ್ಲ. ಗಡ್ಡೆ ಬೆಳೆಯುತ್ತಿದ್ದಾಗ ರಕ್ತ ಯಾಕೆ ಏನೂ ಹೇಳಲಿಲ್ಲ? ನಾನು ಡಾಕ್ಟರಲ್ಲ. ಸಿಕ್ಕಿದ್ದನ್ನು ಓದಿದೆ, ತಿಳಿದವರನ್ನು ಕೇಳಿದೆ.

ಎಎಫ್‌ಪಿ ಅಂದರೆ ಮಗು ಹೊಟ್ಟೆಯಲ್ಲಿದ್ದಾಗ ಅದರ ಲಿವರ್ ತಯಾರಿಸುವ ಪ್ರೋಟೀನ್. ಹುಟ್ಟಿದ ಮೇಲೆ ತೀರಾ ಕಡಿಮೆಯಾಗುತ್ತದೆ. ಲಿವರ್ ಗಡ್ಡೆ ಇರುವ ಇಲಿಗಳಲ್ಲಿ ಇದು ಮತ್ತೆ ಕಾಣಿಸಿಕೊಳ್ಳುತ್ತದೆ ಅಂತ 1963ರಲ್ಲಿ ಸೋವಿಯತ್ ವಿಜ್ಞಾನಿ ಗ್ಯಾರಿ ಅಬೆಲೆವ್ ತೋರಿಸಿದರು. ಮನುಷ್ಯರಲ್ಲೂ ಅದೇ ಕಥೆ. ತೊಂದರೆ ಏನೆಂದರೆ, ಲಿವರ್ ಕ್ಯಾನ್ಸರ್ ಇರುವ ಸುಮಾರು ಮೂರರಲ್ಲಿ ಒಬ್ಬರಿಗೆ ಇದು ಏರುವುದೇ ಇಲ್ಲ. ಕ್ಯಾನ್ಸರ್ ಇಲ್ಲದೆ ಬರೀ ಲಿವರ್ ಊತ ಇದ್ದವರಿಗೂ, ಬಸುರಿಯರಿಗೂ ಏರುತ್ತದೆ.

ಇಲ್ಲಿ ಸಕ್ಕರೆಯ ವಿಷಯ ಬರುತ್ತದೆ. ಶುಗರ್ ಕಾಯಿಲೆಯ ಸಕ್ಕರೆ ಅಲ್ಲ. ಮೂರು ತಿಂಗಳ ಶುಗರ್ ಟೆಸ್ಟಿನಲ್ಲಿ ನೋಡುವುದು ರಕ್ತದ ಸಕ್ಕರೆ ತಾನಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಂಡದ್ದನ್ನು. ನಾನು ಹೇಳುತ್ತಿರುವುದು ಜೀವಕೋಶವೇ ಬೇಕು ಅಂತ ಪ್ರೋಟೀನಿಗೆ ಜೋಡಿಸುವ ಸಕ್ಕರೆಯ ಸರಪಳಿ. ತೋಟದಲ್ಲಿ ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುತ್ತೇವಲ್ಲ, ಹಾಗೆ. ಮರ ಪ್ರೋಟೀನ್, ಬಳ್ಳಿ ಸಕ್ಕರೆ. ರಕ್ತದಲ್ಲಿರುವ ಹೆಚ್ಚಿನ ಪ್ರೋಟೀನುಗಳನ್ನು ತಯಾರಿಸುವುದು ಲಿವರ್, ಬಹುತೇಕಕ್ಕೆ ಇಂಥ ಬಳ್ಳಿ ಇರುತ್ತದೆ. ಇದು ಸಣ್ಣ ವಿಷಯ ಅನ್ನಬೇಡಿ. ನಿಮ್ಮ ರಕ್ತದ ಗುಂಪು ಎ ಆಗಿರುವುದೋ ಬಿ ಆಗಿರುವುದೋ ಕೊನೆಯಲ್ಲಿ ಸೇರಿದ ಒಂದೇ ಒಂದು ಸಕ್ಕರೆಯಿಂದ.

ಕ್ಯಾನ್ಸರ್ ಕೋಶ ಈ ಬಳ್ಳಿಯನ್ನು ಬೇರೆ ಥರ ಕಟ್ಟುತ್ತದೆ. ಎಎಫ್‌ಪಿ ಮೇಲಿನ ಸರಪಳಿಯ ಬುಡಕ್ಕೆ ಫ್ಯೂಕೋಸ್ ಅನ್ನುವ ಸಕ್ಕರೆಯೊಂದನ್ನು ಜಾಸ್ತಿ ಸೇರಿಸುತ್ತದೆ. ಇದನ್ನು ಹಿಡಿಯುವುದು ಯಾವುದು ಗೊತ್ತಾ? ಮಸೂರ್ ಬೇಳೆಯಿಂದ ತೆಗೆದ ಪ್ರೋಟೀನ್! ಫ್ಯೂಕೋಸ್ ಇರುವ ಎಎಫ್‌ಪಿಗೆ ಮಾತ್ರ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. (ಹಾಗಂತ ದಿನಾ ಮಸೂರ್ ಬೇಳೆ ಸಾರು ಕುಡಿಯಲು ಶುರು ಮಾಡಬೇಡಿ, ಅದು ಲ್ಯಾಬಿನ ಕೆಲಸ.) ಹಾಗೆ ಅಂಟಿದ ಭಾಗಕ್ಕೆ ಎಎಫ್‌ಪಿ-ಎಲ್3 ಅಂತ ಹೆಸರು. ಒಟ್ಟು ಎಎಫ್‌ಪಿಯಲ್ಲಿ ಇದು 10 ಶೇಕಡಾ ಮುಟ್ಟಿದರೆ ಹುಷಾರಾಗಬೇಕು ಅನ್ನುವುದು ಲೆಕ್ಕ. ದೀರ್ಘಕಾಲದ ಲಿವರ್ ಕಾಯಿಲೆ ಇರುವವರ ಅಪಾಯ ಅಳೆಯಲು ಅಮೆರಿಕದಲ್ಲಿ 2005ರಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿತು. ಚಿಕ್ಕಪ್ಪನ ವಿಷಯದಲ್ಲಿ ನಾವು ಮರ ಎಣಿಸಿದ್ದೆವು, ಅಷ್ಟೇ.

ಆದರೆ ಬಳ್ಳಿ ನೋಡಿದ್ದರೂ ಉಳಿಯುತ್ತಿದ್ದರು ಅಂತ ನಾನು ಹೇಳಲಾರೆ. ಸಣ್ಣ ಗಡ್ಡೆ ಈ ಟೆಸ್ಟಿಗೂ ತಪ್ಪಿಸಿಕೊಳ್ಳುತ್ತದೆ. ಹ್ಯಾಪ್ಟೋಗ್ಲೋಬಿನ್‌ನಂಥ ಬೇರೆ ಪ್ರೋಟೀನುಗಳ ಸಕ್ಕರೆಯನ್ನೂ ಪರೀಕ್ಷಿಸಿದ್ದಾರೆ. ಆದರೆ ಸಿರೋಸಿಸ್ ಆಗಿ ಗಟ್ಟಿಯಾದ ಲಿವರಿನಲ್ಲೂ ಆ ಸಕ್ಕರೆ ಬದಲಾಗುತ್ತದೆ, ಹಾಗಾಗಿ ಗೊಂದಲ. ಅದಕ್ಕೇ ಈಗ ಒಂದನ್ನೇ ನಂಬದೆ ವಯಸ್ಸು, ಗಂಡೋ ಹೆಣ್ಣೋ, ಎಎಫ್‌ಪಿ, ಎಲ್3, ಡಿಸಿಪಿ ಅನ್ನುವ ರಕ್ತದ ಇನ್ನೊಂದು ಪ್ರೋಟೀನ್ ಎಲ್ಲ ಸೇರಿಸಿ ಗ್ಯಾಲಡ್ ಅನ್ನುವ ಅಂಕ ಹಾಕುತ್ತಾರೆ. ಏನೂ ಕಾಯಿಲೆ ಇಲ್ಲದವರು ಪ್ಯಾಕೇಜ್ ಆಫರ್ ಇದೆ ಅಂತ ಇಂಥ ಕ್ಯಾನ್ಸರ್ ಮಾರ್ಕರ್ ಟೆಸ್ಟ್ ಮಾಡಿಸುವುದು ನನ್ನ ಪ್ರಕಾರ ದುಡ್ಡು ದಂಡ. ಇದು ಬೇಕಾಗಿರುವುದು ಲಿವರ್ ಮೊದಲೇ ಹಾಳಾಗಿರುವವರಿಗೆ. ಅದೂ ಆರು ತಿಂಗಳಿಗೊಮ್ಮೆ ಮಾಡಿಸುವ ಸ್ಕ್ಯಾನಿನ ಜೊತೆಗೆ, ಅದರ ಬದಲಿಗೆ ಅಲ್ಲ.

ನಮ್ಮ ಕೊಡಗಿನಲ್ಲಿ ಇಂಥವರು ಬಾಯಿ ಬಿಡುವುದಿಲ್ಲ. ಲಿವರ್ ಅಂದ ಕೂಡಲೇ ಕುಡಿತ ಅಂತ ತೀರ್ಮಾನ. ಚಿಕ್ಕಪ್ಪ ಮದುವೆ ಮನೆಯಲ್ಲೂ ಗ್ಲಾಸ್ ಮುಟ್ಟಿದವರಲ್ಲ. ತಿಥಿಗೆ ಬಂದವರೊಬ್ಬರು ಅಂಗಳದಲ್ಲೇ ನಿಂತು "ಗುಟ್ಟಾಗಿ ಕುಡೀತಿದ್ರೇನೋ" ಅಂದರು. ಚಿಕ್ಕಮ್ಮ ಒಳಗೆ ಕೇಳಿಸಿಕೊಂಡು ಸುಮ್ಮನಿದ್ದರು. ಚಿಕ್ಕಪ್ಪನಿಗಿದ್ದದ್ದು ಹೆಪಟೈಟಿಸ್ ಬಿ. ಹೆಚ್ಚಾಗಿ ತಾಯಿಯಿಂದ ಮಗುವಿಗೆ, ರಕ್ತದಿಂದ, ಸರಿಯಾಗಿ ಕುದಿಸದ ಸೂಜಿಯಿಂದ ಬರುವ ವೈರಸ್. ಬರೂಕ್ ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂದಿದ್ದು ಇದನ್ನು ಕಂಡುಹಿಡಿದ ಕೆಲಸಕ್ಕೇ. ನಮ್ಮ ದೇಶದ ಎಲ್ಲ ರಾಜ್ಯಗಳ ಮಕ್ಕಳಿಗೆ ಸರ್ಕಾರಿ ಲಸಿಕೆ ತಲುಪಲು 2011 ಬೇಕಾಯಿತು. ಹಾಗಾಗಿ ನಮ್ಮ ವಯಸ್ಸಿನ ಹೆಚ್ಚಿನವರಿಗೆ, ಲೈನ್ ಮನೆಯವರಾಗಲಿ ತೋಟದ ಮಾಲೀಕರಾಗಲಿ, ಚಿಕ್ಕಂದಿನಲ್ಲಿ ಲಸಿಕೆ ಸಿಕ್ಕಿಲ್ಲ. 2018ರಲ್ಲಿ ಶುರುವಾದ ಹೆಪಟೈಟಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಟೆಸ್ಟೂ ಮಾತ್ರೆಯೂ ಉಚಿತ.

ಇನ್ನೊಂದು ಮಾತು. ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಸ್ವಂತ ತೋಟದ ಪುಡಿಯಲ್ಲಿ ದಿನಕ್ಕೆ ನಾಲ್ಕು ಲೋಟ ಕುಡಿಯುತ್ತಿದ್ದ ಚಿಕ್ಕಪ್ಪನಿಗೆ ಇದನ್ನು ಹೇಳಿದ್ದರೆ ಸ್ಕ್ಯಾನಿಂಗ್ ತಪ್ಪಿಸಲು ಮತ್ತೊಂದು ನೆಪ ಸಿಗುತ್ತಿತ್ತು.

ಚಿಕ್ಕಪ್ಪ ಹೋದ ಮೇಲೆ ಮನೆಯವರೆಲ್ಲ ಹೆಪಟೈಟಿಸ್ ಬಿ ಟೆಸ್ಟ್ ಮಾಡಿಸಿದೆವು. ದೊಡ್ಡತ್ತೆಗೆ ಪಾಸಿಟಿವ್. ಯಾರಿಗೂ ಹೇಳಬೇಡಿ ಅಂತ ಮೊದಲು ಅತ್ತರು. ಈಗ ಅವರೇ ಬಂದವರಿಗೆಲ್ಲ ಹೇಳುತ್ತಾರೆ, ನನಗೂ ಬರೆಯಲು ಒಪ್ಪಿಗೆ ಕೊಟ್ಟರು. ಮುಂದಿನ ಸ್ಕ್ಯಾನ್ ನವೆಂಬರ್ ಮೊದಲ ವಾರ. ಕೊಯ್ಲಿಗೆ ಜನ ಬರುವ ಮುಂಚೆಯೇ ಮುಗಿಸಬೇಕು ಅಂತ ಅವರೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ.