ಮಾತ್ರೆ ಹಂಚಿದ್ದು ಸರಿ, ನುಂಗಿದ್ದು ಯಾರು?

ರಕ್ತಹೀನತೆ ತಡೆಯಲು ಶಾಲೆಗಳಲ್ಲಿ ಕೊಡುವ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಎಲ್ಲ ಮಕ್ಕಳಿಗೂ ತಲುಪುತ್ತಿದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ತಲುಪುವುದೇನೋ ನಿಜ. ಹೊಟ್ಟೆಗೆ ಹೋಗುತ್ತದಾ ಅಂತ ವಿಚಾರಿಸಿ. ನಮ್ಮ ಮೂಡಿಗೆರೆ ಕಡೆ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳ ಎಷ್ಟೋ ಮಕ್ಕಳು ಬೆಳಿಗ್ಗೆ ಬರೀ ಕಾಫಿ ಕುಡಿದು ಶಾಲೆಗೆ ಬರುತ್ತಾರೆ. ಹೈಸ್ಕೂಲ್ ಮಕ್ಕಳ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಖಾಲಿ ಹೊಟ್ಟೆಗೆ ಅದು ಬಿದ್ದರೆ ಹಲವರಿಗೆ ವಾಕರಿಕೆ, ಹೊಟ್ಟೆನೋವು. ಬಿಸಿಯೂಟ ಆದ ಮೇಲೆ ಕೊಡಬೇಕು ಅನ್ನುವುದು ಅದಕ್ಕೇ. ನನ್ನ ಮಗಳ ಶಾಲೆಯಲ್ಲಿ ಮೊದಲ ಪೀರಿಯಡ್‌ನಲ್ಲೇ ಹಂಚಿ ರಿಜಿಸ್ಟರ್ ಮುಗಿಸುತ್ತಿದ್ದರು. ಒಮ್ಮೆ ವಾಂತಿ ಮಾಡಿಕೊಂಡವಳು ಆಮೇಲೆ ಮಾತ್ರೆಯನ್ನು ಕಂಪಾಸ್ ಬಾಕ್ಸಿಗೆ ಹಾಕಿಕೊಂಡು ಮನೆಗೆ ತರುತ್ತಿದ್ದಳು. ಮೇಷ್ಟ್ರನ್ನು ಸುಮ್ನೆ ಬೈಯುವುದಿಲ್ಲ. ಹಾಲು, ಮೊಟ್ಟೆ, ರಾಗಿ ಮಾಲ್ಟ್, ಎಲ್ಲದರ ಲೆಕ್ಕವೂ ಅವರ ತಲೆ ಮೇಲೇ ಅಲ್ವಾ!

ಇನ್ನೊಂದು ವಿಷಯ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಕಾಫಿ, ಟೀ, ಬೆಳಗಿನ ಕ್ಷೀರಭಾಗ್ಯದ ಹಾಲು, ಇವುಗಳ ಜೊತೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆಹುಳಿ ಇದ್ದರೆ ಜಾಸ್ತಿ ಹತ್ತುತ್ತದೆ. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಪೋಷಕರ ಸಭೆಗಳಲ್ಲಾದರೂ ಇದನ್ನು ಹೇಳಬೇಡವೇ? ಹಂಚಿದ ಮಾತ್ರೆ ಎಣಿಸುವ ಬದಲು ವರ್ಷಕ್ಕೆರಡು ಸಲ ಮಕ್ಕಳ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಅಂತ ನೋಡಲಿ, ಬಂಡವಾಳ ಗೊತ್ತಾಗುತ್ತದೆ.