ಉಳಿಗಿಂತ ಜಿಗ್ ಜಾಸ್ತಿ

ಮರದ ತುಂಡನ್ನು ಗರಗರ ತಿರುಗಿಸುವ ಲೇತ್ ಯಂತ್ರದ ಮೇಲೆ ಉಳಿ ಹಿಡಿದು ಮರ ಕಡೆಯುವ ಹುಚ್ಚು ಹತ್ತಿದವರಿಗೆ ಶುರುವಿನಲ್ಲಿ ಯಾರೂ ಒಂದು ಮಾತು ಹೇಳುವುದಿಲ್ಲ. ಲೇತ್ ಮುಂದೆ ನಿಂತಷ್ಟೇ ಸಲ ಸಾಣೆಕಲ್ಲು ತಿರುಗಿಸುವ ಗ್ರೈಂಡರ್ ಮುಂದೆಯೂ ನಿಲ್ಲಬೇಕಾಗುತ್ತದೆ. ಬಟ್ಟಲು ಕಡೆಯೋಣ ಅಂತ ಹೋದವರು ಸಾಣೆ ಹಿಡಿಯುವವರಾಗಿ ಹೊರಗೆ ಬರುತ್ತಾರೆ.

ಬೇರೆ ಮರಗೆಲಸದಲ್ಲಿ ಉಳಿಗೆ ಒಂದಿಷ್ಟು ವಿಶ್ರಾಂತಿ ಇರುತ್ತದೆ. ಇಲ್ಲಿ ಇಲ್ಲ. ಸುಮ್ನೆ ಲೆಕ್ಕ ಹಾಕಿ ನೋಡಿ. 30 ಸೆಂಟಿಮೀಟರ್ ಅಗಲದ ಬಟ್ಟಲು, ನಿಮಿಷಕ್ಕೆ 800 ಸುತ್ತು. ಅಂಚಿನ ಹತ್ತಿರ ಒಂದೇ ನಿಮಿಷದಲ್ಲಿ ಸುಮಾರು 750 ಮೀಟರ್ ಮರ ಉಳಿಯ ಬಾಯಿಗೆ ಉಜ್ಜಿಕೊಂಡು ಹೋಗುತ್ತದೆ. 5 ನಿಮಿಷಕ್ಕೆ ಮೂರೂವರೆ ಕಿಲೋಮೀಟರ್ ದಾಟಿತು. ಅದೂ ಗಂಟು, ತೊಗಟೆ, ತೊಗಟೆಯಲ್ಲಿ ಸಿಕ್ಕಿಕೊಂಡ ಮಣ್ಣು ಎಲ್ಲ ಸೇರಿ. ಅಷ್ಟರಲ್ಲಿ ಉದ್ದುದ್ದ ಬರುತ್ತಿದ್ದ ಸಿಪ್ಪೆ ಪುಡಿಯಾಗಿ ಉದುರಲು ಶುರುವಾಗುತ್ತದೆ. ಉಳಿಯನ್ನು ನೀವೇ ಒತ್ತಬೇಕಾಗುತ್ತದೆ. ಹಾಗೆ ಒತ್ತುವುದೇ ಅಪಾಯ. ಗ್ರೈಂಡರ್ ಕಡೆಗೆ ನಡೆಯಲೇಬೇಕು.

ಕೈಯಲ್ಲೇ ಹಿಡಿದು ಸಾಣೆ ಕೊಡುವವರಿದ್ದಾರೆ. ಅವರ ಕೈ ಕೂತಿರುತ್ತದೆ, ನೋಡಲು ಚೆಂದ. ಚಪ್ಪಟೆ ಉಳಿಯಾದರೆ ನಾವೂ ಹೇಗೋ ನಿಭಾಯಿಸಬಹುದು. ಗೌಜ್ ಹಾಗಲ್ಲ. ಅದು ದುಂಡನೆಯ ಸರಳಿನಲ್ಲಿ ಉದ್ದಕ್ಕೆ ತೋಡಿದ ಉಳಿ. ಅದರ ಬಾಯಿ ನಡುವೆ ಮೂಗಿನಂತೆ ಮುಂದೆ ಬಂದು, ಎರಡೂ ಪಕ್ಕ ಹಿಂದಕ್ಕೆ ಇಳಿದಿರುತ್ತದೆ. ಅದನ್ನು ಕಲ್ಲಿನ ಮೇಲೆ ಉರುಳಿಸಬೇಕು, ಉರುಳಿಸುತ್ತಲೇ ಪಕ್ಕಕ್ಕೆ ತೂಗಬೇಕು, ತೂಗುತ್ತಲೇ ಮೇಲಕ್ಕೆ ತಳ್ಳಬೇಕು. ಮೂರೂ ಒಟ್ಟಿಗೆ. ಒಂದು ತಪ್ಪಿದರೆ ಬೆವೆಲ್ ಮೇಲೆ, ಅಂದರೆ ಬಾಯಿಯ ಹಿಂದೆ ಓರೆಯಾಗಿ ಸಾಣೆ ಹಿಡಿದ ಮುಖದ ಮೇಲೆ, ಪಟ್ಟೆಪಟ್ಟೆ ಮುಖಗಳು ಏಳುತ್ತವೆ. ಆಮೇಲೆ ಅವನ್ನೆಲ್ಲ ಸರಿ ಮಾಡಲು ಒಳ್ಳೆಯ ಉಕ್ಕನ್ನು ಕಿಡಿ ಮಾಡಿ ಹಾರಿಸಬೇಕು.

ಸಾಣೆ ಹಿಡಿಯುವಾಗ ಉಳಿಯನ್ನು ಹಿಡಿದಿಡುವ ಸಾಧನ, ಜಿಗ್, ಬರುವುದು ಇಲ್ಲಿಯೇ. ಅದು ಉಳಿಯನ್ನು ಹರಿತ ಮಾಡುತ್ತದೆ ಅನ್ನುವುದು ಅರ್ಧ ಸತ್ಯ. ಹರಿತ ಮಾಡುವುದು ಕಲ್ಲು. ಜಿಗ್ ಮಾಡುವುದು ಇಷ್ಟೇ, ಹೋದ ಸಲ ಯಾವ ಕೋನದಲ್ಲಿ ಹಿಡಿದಿದ್ದಿರೋ ಈ ಸಲವೂ ಅದೇ ಕೋನದಲ್ಲಿ ಹಿಡಿಸುತ್ತದೆ. ಕೋನ ಅದೇ ಆದರೆ ಕಲ್ಲಿಗೆ ಮೆಲ್ಲಗೆ ಒಂದೆರಡು ಸಲ ತಾಗಿಸಿದರೆ ಸಾಕು, ಕೂದಲೆಳೆಯಷ್ಟು ಉಕ್ಕು ಹೋಗುತ್ತದೆ, ಉಳಿ ವರ್ಷಗಟ್ಟಲೆ ಬಾಳುತ್ತದೆ. ಜಿಗ್ ಬಳಸುವವರು ಕೆಲಸ ಕಲಿಯುವುದೇ ಇಲ್ಲ ಎಂದು ಮೂಗು ಮುರಿಯುವವರ ಮಾತು ನನಗೆ ಒಪ್ಪಿಗೆಯಿಲ್ಲ. ಕಲಿಯಬೇಕಾದ ಕೆಲಸ ಲೇತ್ ಮೇಲಿದೆ. ಅದನ್ನು ಕಲಿಯುವಾಗ ಉಳಿಯ ಆಕಾರ ದಿನಕ್ಕೊಂದು ಥರ ಇದ್ದರೆ ತಪ್ಪು ಕೈಯದೋ ಉಳಿಯದೋ ತಿಳಿಯುವುದೇ ಇಲ್ಲ.

ಅಂಗಡಿಯಲ್ಲಿ ಒಳ್ಳೊಳ್ಳೆಯ ಜಿಗ್ ಸಿಗುತ್ತವೆ. ಆದರೂ ಮನೆಯಲ್ಲೇ ಮಾಡಿಕೊಂಡದ್ದರ ರುಚಿ ಬೇರೆ. ಬೇಕಾದದ್ದೆಲ್ಲ ಮೂಲೆಯಲ್ಲೇ ಬಿದ್ದಿರುತ್ತದೆ. ಮುಷ್ಟಿ ಗಾತ್ರದ ಗಟ್ಟಿ ಮರದ ತುಂಡು, ಒಂದೆರಡು ಬೋಲ್ಟು, ಪ್ಲೈವುಡ್ ಚೂರು. ಮರದ ತುಂಡಿನಲ್ಲಿ ಗೌಜ್ ತೂರುವಷ್ಟು ತೂತು ಕೊರೆಯಬೇಕು. ತೂತು ದುಂಡಗೇ ಇದ್ದರೆ ಉಳಿ ಒಳಗೇ ಹೊರಳುತ್ತದೆ. ಅದಕ್ಕೆ ತೂತಿನ ತಳವನ್ನು ಅರದಿಂದ ಉಜ್ಜಿ 'ವಿ' ಆಕಾರಕ್ಕೆ ತರಬೇಕು. ಮೇಲಿನಿಂದ ಒಂದು ಬೋಲ್ಟು ಇಳಿದು ಗೌಜ್‌ನ ತೋಡಿನೊಳಗೆ ಒತ್ತುತ್ತದೆ, ಉಳಿ ಕೆಳಗಿನ 'ವಿ'ಯಲ್ಲಿ ಹೋಗಿ ಕೂರುತ್ತದೆ, ಆಮೇಲೆ ಅಲ್ಲಾಡುವುದಿಲ್ಲ. ತುಂಡಿನ ಹಿಂಭಾಗದಿಂದ ಓರೆಯಾಗಿ ಒಂದು ಕಾಲು. ಅದೂ ಉದ್ದನೆಯ ಬೋಲ್ಟೇ. ತುದಿಗೆ ಗುಂಡು ತಲೆಯ ನಟ್ಟು. ಗ್ರೈಂಡರ್ ಕೆಳಗಿನಿಂದ ಹಿಂದೆ ಮುಂದೆ ಜಾರುವ ಒಂದು ಪಟ್ಟಿ, ಪಟ್ಟಿಯ ತುದಿಯಲ್ಲೊಂದು ಕುಳಿ. ಕಾಲಿನ ಗುಂಡು ತಲೆ ಆ ಕುಳಿಯಲ್ಲಿ ಕೂತರೆ ಉಳಿ ಆಚೆ ಈಚೆ ತೂಗಬಹುದು, ಪಟ್ಟು ಮಾತ್ರ ಬಿಡುವುದಿಲ್ಲ.

ನೋಡಲು ಒರಟು. ಆದರೆ ಇಡೀ ಆಕಾರ ಮೂರೇ ಅಳತೆಯ ಮೇಲೆ ನಿಂತಿದೆ. ಕಾಲು ಎಷ್ಟು ಓರೆ, ಉಳಿ ಜಿಗ್‌ನಿಂದ ಎಷ್ಟು ಮುಂದೆ ಚಾಚಿದೆ, ಕುಳಿ ಕಲ್ಲಿನಿಂದ ಎಷ್ಟು ದೂರ. ಒಂದು ಬದಲಾದರೆ ಎಲ್ಲ ಬದಲು. ಅಂಗಡಿಯ ಜಿಗ್ ಕೊಂಡವರು ಇದನ್ನು ಜೊತೆಗೆ ಬಂದ ಕಾಗದದಲ್ಲಿ ಓದಿ ಮರೆಯುತ್ತಾರೆ. ಕೈಯಾರೆ ಮಾಡಿದವರಿಗೆ ಮರೆಯಲು ಆಗುವುದೇ ಇಲ್ಲ, ಕಾಲಿನ ಓರೆಯನ್ನು ಕೊರೆದವರು ಅವರೇ ತಾನೇ? ಅಮೆರಿಕದಲ್ಲಿ ಮರ ಕಡೆಯುವುದಕ್ಕೆ ಹೆಸರಾದ ಡೇವಿಡ್ ಎಲ್ಸ್‌ವರ್ತ್ ಅವರ ಹೆಸರಿನಲ್ಲೇ ಗೌಜ್‌ನ ಒಂದು ಆಕಾರ ಇದೆ, ಪಕ್ಕಗಳನ್ನು ಉದ್ದಕ್ಕೆ ಹಿಂದೆ ಎಳೆದದ್ದು. ಅದು ಬೇಕೆಂದರೂ ಇದೇ ಮೂರು ಅಳತೆಗಳಲ್ಲಿ ಹುಡುಕಿಕೊಳ್ಳಬೇಕು.

ಅಳತೆ ಸರಿಯಿದೆಯಾ ಅಂತ ನೋಡಲು ದೊಡ್ಡ ಉಪಕರಣ ಬೇಡ, ಒಂದು ಮಾರ್ಕರ್ ಪೆನ್ ಸಾಕು. ಬೆವೆಲ್‌ಗೆ ಪೂರ್ತಿ ಮಸಿ ಬಳಿಯಿರಿ. ಗ್ರೈಂಡರ್ ಚಾಲೂ ಮಾಡಬೇಡಿ. ಉಳಿಯನ್ನು ಕಲ್ಲಿಗೆ ತಾಗಿಸಿ, ಕಲ್ಲನ್ನು ಕೈಯಿಂದ ಸ್ವಲ್ಪ ತಿರುಗಿಸಿ. ಮಸಿ ಹಿಂಬದಿಯಲ್ಲಿ ಮಾತ್ರ ಹೋಗಿದ್ದರೆ ಕೋನ ಕಿರಿದಾಗಿದೆ. ಬಾಯಿಯ ತುದಿಯಲ್ಲಿ ಮಾತ್ರ ಹೋಗಿದ್ದರೆ ದೊಡ್ಡದಾಗಿದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಗೆರೆ ಎದ್ದರೆ ಸ್ವಿಚ್ ಒತ್ತಬಹುದು. ಕುಳಿಯೊಳಗೆ ಊದುವುದನ್ನು ಮಾತ್ರ ಮರೆಯಬಾರದು. ಕಲ್ಲಿನ ಪುಡಿ ಅಲ್ಲಿ ಬಿದ್ದು ಗುಂಡು ತಲೆಯನ್ನು ಒಂಚೂರು ಎತ್ತಿಬಿಡುತ್ತದೆ, ಮಸಿ ಆ ಒಂಚೂರನ್ನೂ ತೋರಿಸುತ್ತದೆ.

ನಮಗೆ ಈ ಕೆಲಸ ಇಷ್ಟು ಹಗುರಾಗಿರುವುದಕ್ಕೆ ಇನ್ನೊಂದು ಕಾರಣ ಉಕ್ಕು. ಹಳೆಯ ಕಾರ್ಬನ್ ಸ್ಟೀಲ್ ಉಳಿ ಗ್ರೈಂಡರ್ ಮೇಲೆ ನೀಲಿ ಬಣ್ಣಕ್ಕೆ ತಿರುಗಿತೆಂದರೆ ಆ ಜಾಗದ ಗಡಸುತನ ಹೋದಂತೆಯೇ. ಗಳಿಗೆಗೊಮ್ಮೆ ನೀರಿಗೆ ಅದ್ದಬೇಕು. ಈಗಿನ ಉಳಿಗಳ ಹೈಸ್ಪೀಡ್ ಸ್ಟೀಲ್ ಅಷ್ಟಕ್ಕೆಲ್ಲ ಜಗ್ಗುವುದಿಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಫ್ರೆಡರಿಕ್ ಟೇಲರ್ ಮತ್ತು ಮೌನ್ಸೆಲ್ ವೈಟ್ ಅದನ್ನು ಜಗತ್ತಿಗೆ ತೋರಿಸಿದರು. ಸ್ಟಾಪ್‌ವಾಚ್ ಹಿಡಿದು ಕಾರ್ಮಿಕರ ಒಂದೊಂದು ಚಲನೆಗೂ ಸಮಯ ಬರೆದುಕೊಳ್ಳುವುದನ್ನು ಕಾರ್ಖಾನೆಗಳಿಗೆ ಕಲಿಸಿದ್ದೂ ಅದೇ ಟೇಲರ್. 2 ನಿಮಿಷದ ಸಾಣೆಗಾಗಿ ನಾವು ಇಡೀ ಭಾನುವಾರ ಜಿಗ್ ಮಾಡುವುದನ್ನು ಅವರು ನೋಡಿದ್ದರೆ ವಾಚನ್ನು ನಮ್ಮ ಮೇಲೇ ಎಸೆಯುತ್ತಿದ್ದರು.

ಯಾಕೆಂದರೆ ಜಿಗ್ ಒಂದಕ್ಕೇ ನಿಲ್ಲುವುದಿಲ್ಲ. ಉಳಿ ಪ್ರತಿ ಸಲ 45 ಮಿಲಿಮೀಟರ್ ಚಾಚಬೇಕು ಅಂದರೆ ಬೆಂಚಿಗೆ ಒಂದು ಅಡ್ಡ ತುಂಡು ಹೊಡೆಯಬೇಕು. ಮಾಮೂಲಿ ಕಲ್ಲು ಸವೆದು ಚಿಕ್ಕದಾಗುತ್ತಾ ಹೋಗುವುದರಿಂದ ಕುಳಿಯ ದೂರ ಅಳೆಯಲು ಒಂದು ಕಡ್ಡಿ. ಮರವನ್ನು ಹೆರೆಯುವ ಸ್ಕ್ರೇಪರ್ ಉಳಿಗೆ ಓರೆ ಮೇಜು, ಮೇಜು ಎಷ್ಟು ಓರೆ ಇರಬೇಕೆಂದು ನೋಡಲು ಪ್ಲೈವುಡ್ಡಿನ ತ್ರಿಕೋನ. ಜಿಗ್‌ನ ಕಾಲಿಗೆ ಓರೆ ತೂತು ಕೊರೆಯುವುದಿದೆಯಲ್ಲ, ಅದಕ್ಕೂ ಒಂದು ಜಿಗ್. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಕಡೆದದ್ದನ್ನು ಕತ್ತರಿಸಿ ಬೇರ್ಪಡಿಸುವ ಪಾರ್ಟಿಂಗ್ ಟೂಲಿಗೂ ಜಿಗ್ ಮಾಡುವವರನ್ನು ಕಂಡರೆ ಮಾತ್ರ ನನಗೆ ನಗು ಬರುತ್ತದೆ. ಎರಡು ಚಪ್ಪಟೆ ಮುಖ, ಮೇಜಿನ ಮೇಲಿಟ್ಟು ಒತ್ತಿದರೆ ಮುಗಿಯಿತು.

ಇಷ್ಟೆಲ್ಲದರ ಮೇಲೆ ಯಾವುದು ಯಾವುದಕ್ಕೆ ಅಂತ ಬರೆದಿಡದಿದ್ದರೆ ದೇವರೇ ಗತಿ. 40 ಡಿಗ್ರಿ ಅಂತ ಬರೆದ ತ್ರಿಕೋನ, 60 ಅಂತ ಬರೆದದ್ದು, ಮತ್ತೆ ಏನೂ ಬರೆಯದ ಒಂದು. ಏನೂ ಬರೆಯದ್ದನ್ನು ಎಸೆಯಲು ಮನಸ್ಸು ಬರುವುದಿಲ್ಲ. ಯಾವುದೋ ಉಳಿಗೆ ಅದೇ ಬೇಕಾದೀತು, ಅಲ್ವಾ? ಇನ್ನೊಂದು ಮಾತು, ಮರದ ಜಿಗ್ ಜಾಸ್ತಿಯಾದಷ್ಟೂ ಹೊಟ್ಟೂ ಜಾಸ್ತಿ. ಗ್ರೈಂಡರ್ ಕೆಳಗೆ ಅದು ಸೇರದಂತೆ ಗುಡಿಸುತ್ತಿರಿ. ಕಿಡಿ ಬೀಳುವುದು ಅಲ್ಲಿಗೇ.

ಮೊನ್ನೆ ಒಬ್ಬರು ಕೇಳಿದರು, "ಇತ್ತೀಚೆಗೆ ಲೇತ್ ಮೇಲೆ ಏನು ಕಡೆದಿರಿ?" ಒಳ್ಳೆಯ ಪ್ರಶ್ನೆ. ಜಿಗ್‌ನ ಬೋಲ್ಟು ಬೆರಳಲ್ಲಿ ತಿರುಗಿಸಲು ಬಿಗಿಯಾಗಿತ್ತು. ಅದಕ್ಕೊಂದು ಮರದ ನಾಬ್ ಕಡೆದೆ. ಚೆನ್ನಾಗಿ ಬಂತು. ಪಟ್ಟಿಯ ಬೋಲ್ಟಿಗೂ ಅಂಥದ್ದೇ ಒಂದು ಕಡೆಯಬೇಕು, ಅದಕ್ಕೆ ಮೊದಲು ಗೌಜ್‌ಗೆ ಸಾಣೆ ಹಿಡಿಯಬೇಕು.